ಒಂದು ನಿಮಿಷದ ರೇಸ್, ಇಡೀ ಸಂಜೆಯ ಕಾಯುವಿಕೆ: ಬ್ರಿಟಿಷ್ ಸ್ಪೀಡ್‌ವೇ ನೋಡಿ ಬಂದೆ

ಮೊದಲು ಅಂಕ ಕೊಟ್ಟುಬಿಡುತ್ತೇನೆ, ಆಮೇಲೆ ಕಾರಣ ಹೇಳುತ್ತೇನೆ. ಸ್ಪೀಡ್‌ವೇ ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸು. ಆ ರೇಸ್‌ಗೆ 5ಕ್ಕೆ 5. ಎರಡು ರೇಸ್‌ಗಳ ನಡುವೆ ಸುಮ್ನೆ ಕೂರುವ ಹೊತ್ತಿಗೆ 5ಕ್ಕೆ 2. ಇದನ್ನು ನಡೆಸುವ ಜನರಿಗೆ ಮತ್ತೆ 5ಕ್ಕೆ 5.

ನಮ್ಮದು ಮೈಸೂರಿನ ಯಾದವಗಿರಿ. ಅಪ್ಪ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಫ್ಯಾಕ್ಟರಿ ಅದು, ನಮ್ಮೂರಿನವರಿಗೆ ಅದರ ಕಥೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ಅಪ್ಪ ಒಂದು ಮಾತು ಹೇಳುತ್ತಿದ್ದರು. "ನಮ್ಮ ಜಾವಾಗೆ ಒಬ್ಬ ಅಣ್ಣ ಇದಾನೆ ಕಣೋ, ಅವನಿಗೆ ಬ್ರೇಕೇ ಇಲ್ಲ." ನನಗೆ ಅದು ತಮಾಷೆ ಅನ್ನಿಸುತ್ತಿತ್ತು. ಅದು ನಿಜ. ಚೆಕ್ ದೇಶದ ದಿವಿಶೋವ್ ಅನ್ನೋ ಊರಲ್ಲಿ ಎಸೊ ಅಂತ ಒಂದು ಕಂಪನಿ ರೇಸ್ ಬೈಕ್ ಮಾಡುತ್ತಿತ್ತು. 1964ರಲ್ಲಿ ಅದು ಜಾವಾಗೆ ಸೇರಿಕೊಂಡಿತು. ಆಮೇಲೆ ಅಲ್ಲಿಂದ ಬಂದ ಸ್ಪೀಡ್‌ವೇ ಬೈಕ್‌ಗಳು ಜಾವಾ ಹೆಸರಲ್ಲೇ ಹೋದವು. ಡೆನ್ಮಾರ್ಕಿನ ಓಲೆ ಓಲ್ಸನ್ 1971ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದು ಜಾವಾ ಮೇಲೆ. ನ್ಯೂಜಿಲೆಂಡಿನ ಐವಾನ್ ಮೌಗರ್ 6 ಸಲ ಚಾಂಪಿಯನ್, ಅವರೂ ಜಾವಾ ಓಡಿಸಿದವರು. ಇಬ್ಬರೂ ವಾರ ವಾರ ಓಡಿಸುತ್ತಿದ್ದದ್ದು ಬ್ರಿಟನ್ ಲೀಗ್‌ನಲ್ಲಿ. ಹಾಗಾಗಿ 2024ರಲ್ಲಿ ಮಗಳ ಮನೆಗೆ ಅಂತ ಮ್ಯಾಂಚೆಸ್ಟರ್‌ಗೆ ಹೋದಾಗ, "ಅಪ್ಪಾ, ಏನು ನೋಡಬೇಕು ಹೇಳಿ" ಅಂದಳು. ನಾನು ಕೋಟೆ, ಚರ್ಚು ಯಾವುದೂ ಹೇಳಲಿಲ್ಲ.

ಗೊತ್ತಿಲ್ಲದವರಿಗೆ ಆಟ ಹೀಗೆ. ಮಣ್ಣಿನ ಮೊಟ್ಟೆಯಾಕಾರದ ಟ್ರ್ಯಾಕು. ನಾಲ್ಕು ಜನ, ನಾಲ್ಕು ಸುತ್ತು, ಎಡಕ್ಕೇ ತಿರುಗೋದು. 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರು, ಬ್ರೇಕ್ ಇಲ್ಲ, ಪೆಟ್ರೋಲ್ ಬದಲು ಮೆಥನಾಲ್. ಗೆದ್ದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಒಂದು ಟೀಮಿನ ಇಬ್ಬರು, ಇನ್ನೊಂದರ ಇಬ್ಬರು, ಹೀಗೆ ಒಂದು ಪಂದ್ಯಕ್ಕೆ 15 ಹೀಟ್, ಅಂದರೆ 15 ಸಣ್ಣ ರೇಸು. ಒಂದು ಹೀಟ್ ಮುಗಿಯೋದಕ್ಕೆ ಹೆಚ್ಚು ಕಡಿಮೆ ಒಂದು ನಿಮಿಷ ಸಾಕು. ಅಂದರೆ ಇಡೀ ಸಂಜೆಯಲ್ಲಿ ನಿಜವಾದ ರೇಸ್ ಕಾಲು ಗಂಟೆ. ಇದನ್ನು ಮೊದಲೇ ತಿಳಿದುಕೊಂಡು ಹೋಗಿ, ಇಲ್ಲದಿದ್ದರೆ ಬೇಜಾರಾಗುತ್ತದೆ.

ನನ್ನ ಮೊದಲ ಪಂದ್ಯ ನಡೆಯಲೇ ಇಲ್ಲ ಅಂತಲೇ ಹೇಳಬೇಕು. ಊರಿನ ಹೆಸರು ಬೇಡ, ಅವರ ತಪ್ಪೇನೂ ಇಲ್ಲ. ರೈಲಲ್ಲಿ ಎರಡು ಗಂಟೆ, ಆಮೇಲೆ ಬಸ್ಸು. ಟಿಕೆಟ್ ನಮ್ಮ ಲೆಕ್ಕದಲ್ಲಿ ತಲೆಗೆ ಎರಡು ಸಾವಿರ ರೂಪಾಯಿಗೂ ಜಾಸ್ತಿ. ನಾಲ್ಕು ಹೀಟ್ ಆಯಿತು, ಐದನೆಯದಕ್ಕೆ ಬೈಕ್‌ಗಳು ಬಂದು ನಿಲ್ಲುವಷ್ಟರಲ್ಲಿ ಸಣ್ಣಗೆ ಹನಿ ಶುರುವಾಯಿತು. ನಮ್ಮ ಮಳೆಯ ಹಾಗೆ ದಬದಬ ಸುರಿದು ನಿಲ್ಲುವ ಮಳೆ ಅಲ್ಲ ಅದು, ಬಂದದ್ದೂ ಗೊತ್ತಾಗದೆ ಹೋಗುವುದೂ ಗೊತ್ತಾಗದೆ ಒಂದೇ ಸಮ ಜಿನುಗುವ ಜಾತಿ. ರೆಫರಿ, ಎರಡೂ ಟೀಮಿನ ಕ್ಯಾಪ್ಟನ್‌ಗಳು ಟ್ರ್ಯಾಕಿಗೆ ಇಳಿದರು. ಒಬ್ಬ ಬೂಟಿನ ಹಿಮ್ಮಡಿಯಿಂದ ತಿರುವಿನ ಒಳಭಾಗದ ಮಣ್ಣನ್ನು ಒತ್ತಿ ನೋಡಿದ, ಬೂಟು ಸೊಯ್ ಅಂತ ಜಾರಿತು. ಅಷ್ಟೇ. ರದ್ದು. ಮತ್ತೊಂದು ದಿನ ಅದೇ ಟಿಕೆಟ್‌ಗೆ ಬಿಡುತ್ತೇವೆ ಅಂದರು, ಆದರೆ ಆ ದಿನಕ್ಕೆ ನಾನು ಮೈಸೂರಲ್ಲಿ ಇರುತ್ತಿದ್ದೆ. ನನಗೆ ಸಂಕಟ ಆಗಿದ್ದು ನನ್ನ ದುಡ್ಡಿಗಲ್ಲ. ಗೇಟಿನ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ಪಂದ್ಯದ ಪುಸ್ತಕ ಮಾರುತ್ತಿದ್ದರು, ಅರ್ಧಕ್ಕರ್ಧ ಡಬ್ಬದಲ್ಲೇ ಉಳಿದಿತ್ತು. ಆ ದಿನಾಂಕ ಅಚ್ಚು ಹಾಕಿಸಿದ್ದನ್ನು ಇನ್ನು ಯಾರು ಕೊಳ್ಳುತ್ತಾರೆ? ಡಾಕ್ಟರು, ಆಂಬುಲೆನ್ಸು, ನೀರಿನ ಟ್ಯಾಂಕರು, ಟ್ರ್ಯಾಕ್ಟರಿನವನು, ಎಲ್ಲ ಬಂದಾಗಿತ್ತು. ಮಳೆ ಬಂದ ದಿನ ಕ್ಲಬ್ಬಿಗೆ ಖರ್ಚು ಪೂರ್ತಿ, ವರಮಾನ ಇಲ್ಲ. ಬೇಸಿಗೆಯಲ್ಲಿ ಇಂಥ ನಾಲ್ಕು ಸಂಜೆ ಸಿಕ್ಕರೆ ಸಣ್ಣ ಕ್ಲಬ್ ಹೇಗೆ ಬದುಕಬೇಕು ಹೇಳಿ.

ಎರಡನೇ ಸಲ ಹೋಗಿದ್ದು ಮ್ಯಾಂಚೆಸ್ಟರಿನಲ್ಲೇ, ಒಂದು ಸೋಮವಾರ, ಬೆಲ್ ವ್ಯೂ ಏಸಸ್ ಟೀಮಿನ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂಗೆ. ಮೌಗರ್ ಇದೇ ಬೆಲ್ ವ್ಯೂಗೆ ಓಡಿಸಿದವರು, ಆದರೆ ಆಗಿನ ಜಾಗ ಬೇರೆ. ಈಗಿನದು 2016ರಲ್ಲಿ ತೆರೆದದ್ದು. ಆಗಸ ನೀಲಿಯಾಗಿತ್ತು, ಬಿಸಿಲು ರಾತ್ರಿ ಎಂಟೂವರೆಗೂ ಹೋಗಲಿಲ್ಲ. ಒಳಗೆ ಕಾಲಿಟ್ಟ ತಕ್ಷಣ ಮೂಗಿಗೆ ಬಂದ ವಾಸನೆ ನನ್ನನ್ನು ಅಲ್ಲೇ ನಿಲ್ಲಿಸಿತು. ಹರಳೆಣ್ಣೆ! ಮೆಥನಾಲ್ ಇಂಜಿನ್‌ಗೆ ಹಿಂದಿನಿಂದಲೂ ಹರಳೆಣ್ಣೆ ಮೂಲದ ಆಯಿಲ್ ಹಾಕುವುದು ರೂಢಿ, ಅದು ಸುಟ್ಟ ವಾಸನೆ. ದೀಪಾವಳಿ ಬೆಳಿಗ್ಗೆ ಅಮ್ಮ ತಲೆಗೆ ಎಣ್ಣೆ ತಟ್ಟಿ ಹಂಡೆ ಒಲೆ ಪಕ್ಕ ಕೂರಿಸುತ್ತಿದ್ದರಲ್ಲ, ಸ್ವಲ್ಪ ಆ ವಾಸನೆ, ಜೊತೆಗೆ ಸೈಲೆನ್ಸರ್ ಬಿಸಿ.

ನಾಲ್ಕು ಬೈಕು ಶುರುವಿನ ಗೆರೆಗೆ ಅಡ್ಡ ಕಟ್ಟಿದ ಟೇಪಿನ ಹಿಂದೆ ನಿಂತವು. ಹೆಲ್ಮೆಟ್ ಬಣ್ಣ ಕೆಂಪು, ನೀಲಿ, ಬಿಳಿ, ಹಳದಿ. ಅದೇ ಊರಿನ ಟೀಮಿಗೆ ಕೆಂಪು ನೀಲಿ. ಒಬ್ಬೊಬ್ಬ ಇಳಿದು ಬೂಟಿನಿಂದ ತನ್ನ ಹಿಂದಿನ ಚಕ್ರದ ಜಾಗದ ಮಣ್ಣನ್ನು ಕೆರೆದು ಸಮ ಮಾಡಿಕೊಳ್ಳುತ್ತಾನೆ. ಎಡಗಾಲಿನ ಬೂಟಿನ ಅಡಿಗೆ ಕಬ್ಬಿಣದ ತಟ್ಟೆ, ತಿರುವಿನಲ್ಲಿ ಆ ಕಾಲನ್ನು ನೆಲದ ಮೇಲೆ ಜಾರಿಸಬೇಕಲ್ಲ, ಅದಕ್ಕೆ. ಟೇಪು ಮೇಲೆ ಹಾರಿತು, ಮುಗಿಯಿತು, ಮಾತು ಕೇಳಿಸಲ್ಲ. ಮೊದಲ ತಿರುವಿಗೆ ನಾಲ್ವರೂ ಒಟ್ಟಿಗೆ ಬೈಕನ್ನು ಅಡ್ಡ ಹಾಕುತ್ತಾರೆ, ಮುಂದಿನ ಚಕ್ರ ಬಲಕ್ಕೆ, ಬೈಕು ಹೋಗೋದು ಎಡಕ್ಕೆ. ಹಿಂದಿನ ಚಕ್ರ ಎರಚಿದ ಮಣ್ಣು ಬೇಲಿ ದಾಟಿ ನನ್ನ ಅಂಗಿ ಮೇಲೆ ಬಿತ್ತು. ಮನೆಗೆ ಬಂದು ಜೇಬಲ್ಲಿ ಒಂದು ಕೆಂಪು ಹರಳು ಸಿಕ್ಕಿತು, ಈಗಲೂ ಇಟ್ಟಿದ್ದೇನೆ.

ಆದರೆ ನಾನು ಜಾಸ್ತಿ ಹೊತ್ತು ನೋಡಿದ್ದು ಬೈಕನ್ನಲ್ಲ, ಮಣ್ಣನ್ನು. ಗರಡಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಟ್ಟಿ ಹದ ಮಾಡೋಕೆ ಎಷ್ಟು ಶ್ರಮ ಅಂತ ಅವರಿಗೆ ಗೊತ್ತು. ಇಲ್ಲೂ ಹಾಗೇ. ಶೇಲ್ ಅನ್ನೋ ಪುಡಿ ಕಲ್ಲಿನ ಮಣ್ಣು. ನೀರು ಕಮ್ಮಿ ಆದರೆ ಧೂಳು, ಹಿಂದೆ ಇರುವವನಿಗೆ ಕಣ್ಣೇ ಕಾಣಿಸಲ್ಲ. ಜಾಸ್ತಿ ಆದರೆ ಜಾರುತ್ತದೆ, ಇಲ್ಲವೇ ಗುಂಡಿ ಬೀಳುತ್ತದೆ, ಆ ಗುಂಡಿಗೆ ಸಿಕ್ಕ ಚಕ್ರ ಸವಾರನನ್ನು ಬೇಲಿಗೆ ಎಸೆಯುತ್ತದೆ. ಪ್ರತಿ ಕೆಲವು ಹೀಟಿಗೊಮ್ಮೆ ಟ್ರ್ಯಾಕ್ಟರು ಬಂದು ಹೊರಗೆ ಸರಿದ ಮಣ್ಣನ್ನು ಒಳಗೆ ಎಳೆಯಬೇಕು. ಇದೇ ಸ್ಟೇಡಿಯಂನ ಉದ್ಘಾಟನೆಯ ರಾತ್ರಿ, 2016ರ ಮಾರ್ಚ್‌ನಲ್ಲಿ, ಜನ ಬಂದು ಸೇರಿದ ಮೇಲೆ ಟ್ರ್ಯಾಕು ಸರಿಯಿಲ್ಲ ಅಂತ ರದ್ದಾಗಿತ್ತು. ಹೊಸ ಕಟ್ಟಡ, ಹೊಸ ಕುರ್ಚಿ, ಎಲ್ಲ ಇದ್ದು ಮಣ್ಣು ಕೂಡಿ ಬರಲಿಲ್ಲ. ಈಗ ಅದೇ ಟ್ರ್ಯಾಕನ್ನು ಸವಾರರು ಹೊಗಳುತ್ತಾರೆ, ಹೊರಗಿನಿಂದಲೂ ಒಳಗಿನಿಂದಲೂ ಹಿಂದಿಕ್ಕಬಹುದು ಅಂತ. ನಾನು ನೋಡಿದ ದಿನವೇ ಒಬ್ಬ ಕೊನೆಯ ಸುತ್ತಲ್ಲಿ ಬೇಲಿಗೆ ಒಂದು ಗೇಣು ಬಿಟ್ಟು ಮೂರನೇ ಜಾಗದಿಂದ ಮೊದಲಿಗೆ ಬಂದ. ಮಗಳು ಕುರ್ಚಿ ಮೇಲೆ ಹತ್ತಿ ನಿಂತಿದ್ದಳು.

ಈಗ ಆ 2 ಅಂಕದ ವಿಷಯ. ಒಬ್ಬ ಬಿದ್ದರೆ ಕೆಂಪು ದೀಪ, ರೇಸ್ ನಿಲ್ಲುತ್ತದೆ. ಬೀಳಲು ಕಾರಣನಾದವನನ್ನು ಹೊರಗಿಟ್ಟು ಮೂವರಿಂದ ಮತ್ತೆ ಓಡಿಸುತ್ತಾರೆ. ಗಾಳಿ ತುಂಬಿದ ಬೇಲಿ ಹರಿದರೆ ಅದನ್ನು ಸರಿ ಮಾಡಬೇಕು. ಆಂಬುಲೆನ್ಸ್ ಆಸ್ಪತ್ರೆಗೆ ಹೋದರೆ ಬದಲಿ ಬರುವ ತನಕ ಯಾರೂ ಕದಲುವ ಹಾಗಿಲ್ಲ. ಇವೆಲ್ಲ ಬೇಕೇ ಬೇಕು, ಒಂದನ್ನೂ ಬಿಡುವ ಹಾಗಿಲ್ಲ, ಅದು ನನಗೂ ಒಪ್ಪಿಗೆ. ಆದರೆ ಆ ಹೊತ್ತಲ್ಲಿ ನೋಡುವವರಿಗೆ ಏನಾಗುತ್ತಿದೆ ಅಂತ ಹೇಳುವವರು ಬೇಕು. ಮೊದಲ ಪಂದ್ಯದಲ್ಲಿ ಮೈಕಿನ ಮಾತು ಅರ್ಧ ಕೇಳಿಸಲೇ ಇಲ್ಲ, ಚಿಕ್ಕ ಮಕ್ಕಳಿದ್ದವರು ಎದ್ದು ಹೋಗುತ್ತಿದ್ದರು. ಮಂಡ್ಯ ಕಡೆ ಎತ್ತಿನಗಾಡಿ ಓಟ ನೋಡಿದ್ದೀರಲ್ವಾ? ಅಲ್ಲೂ ಓಡೋದು ಕ್ಷಣ, ಕಾಯೋದು ಗಂಟೆ. ಆದರೆ ಮೈಕ್ ಹಿಡಿದವನು ಎತ್ತಿನ ಊರು, ಯಜಮಾನ, ಹೋದ ವರ್ಷ ಎಲ್ಲಿ ಗೆದ್ದಿತ್ತು, ಎಲ್ಲ ಹೇಳಿ ಜನರನ್ನು ಕಟ್ಟಿ ಹಾಕುತ್ತಾನೆ. ಅಂಥ ಒಂದು ದನಿ ಎಲ್ಲ ಟ್ರ್ಯಾಕಿಗೂ ಬೇಕು.

ಇನ್ನೊಂದು ಗೊಂದಲ, ಗೆಸ್ಟ್ ಸವಾರರು. ಒಬ್ಬನ ಕೈ ಮುರಿದರೆ ಬೇರೆ ಕ್ಲಬ್ಬಿನವನನ್ನು ಒಂದು ದಿನಕ್ಕೆ ಕರೆಸುತ್ತಾರೆ. ಹೋದ ವಾರ ಯಾರ ಮೇಲೆ ಕೂಗಿದಿರೋ ಈ ವಾರ ಅವನಿಗೇ ಚಪ್ಪಾಳೆ ತಟ್ಟಬೇಕು. ಬೇರೆ ದಾರಿಯೂ ಇಲ್ಲ, ಟೀಮಿನಲ್ಲಿ ಇರೋದೇ ಏಳು ಜನ, ಅವರೂ ವಾರದಲ್ಲಿ ಬ್ರಿಟನ್, ಪೋಲೆಂಡ್, ಸ್ವೀಡನ್ ಅಂತ ವಿಮಾನದಲ್ಲೇ ಇರುತ್ತಾರೆ. ದುಡ್ಡು ಇರೋದು ಪೋಲೆಂಡಲ್ಲಿ. ಈಗಿನ ಕಾಲದ ದೊಡ್ಡ ಹೆಸರು ಬಾರ್ತೋಷ್ ಜ್ಮಾರ್ಜ್ಲಿಕ್ ಓಡಿಸೋದೂ ಅಲ್ಲೇ. ಮೌಗರ್, ಓಲ್ಸನ್ ಕಾಲದಲ್ಲಿ ವಿಶ್ವ ಚಾಂಪಿಯನ್ನನ್ನು ವಾರದ ಮಧ್ಯೆ ಯಾವುದೋ ಒಂದು ಇಂಗ್ಲಿಷ್ ಪೇಟೆಯಲ್ಲಿ ನೋಡಬಹುದಿತ್ತು. 1981ರಲ್ಲಿ ವೆಂಬ್ಲಿಯಲ್ಲಿ ವಿಶ್ವ ಫೈನಲ್ ನಡೆದಾಗ 90 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಬ್ರಿಟನ್‌ನವರಲ್ಲಿ ತಾಕತ್ತಿಲ್ಲ ಅಂತಲ್ಲ, ಟೈ ವಾಫಿಂಡನ್ 2013, 2015, 2018ರಲ್ಲಿ ಚಾಂಪಿಯನ್ ಆದರು, 2021ರಲ್ಲಿ ದೇಶದ ಟೀಮು ಇದೇ ಮ್ಯಾಂಚೆಸ್ಟರಿನಲ್ಲಿ ಸ್ಪೀಡ್‌ವೇ ಆಫ್ ನೇಷನ್ಸ್ ಅನ್ನೋ ದೇಶ ದೇಶಗಳ ನಡುವಿನ ಪಂದ್ಯ ಗೆದ್ದಿತು.

ನನ್ನನ್ನು ಜಾಸ್ತಿ ಕಾಡಿದ್ದು ಜಾಗದ ವಿಷಯ. ಎಷ್ಟೋ ಕ್ಲಬ್‌ಗಳಿಗೆ ಸ್ವಂತ ನೆಲ ಇಲ್ಲ. ನಾಯಿ ಓಟದ ಸ್ಟೇಡಿಯಂನಲ್ಲಿ ಬಾಡಿಗೆಗೆ ಇರುತ್ತಾರೆ, ಒಡೆಯ ಬೇಡ ಅಂದ ದಿನ ಗಂಟುಮೂಟೆ ಕಟ್ಟಬೇಕು. ಓಲ್ಸನ್ ಮೊದಲ ಸಲ ಚಾಂಪಿಯನ್ ಆದಾಗ ಓಡಿಸುತ್ತಿದ್ದದ್ದು ವುಲ್ವರ್‌ಹ್ಯಾಂಪ್ಟನ್‌ಗೆ. 1928ರಲ್ಲಿ ರೇಸ್ ಶುರುವಾದ ಆ ಮಾನ್‌ಮೋರ್ ಗ್ರೀನ್ ಟ್ರ್ಯಾಕಿನಲ್ಲಿ 2023ಕ್ಕೆ ಸ್ಪೀಡ್‌ವೇ ನಿಂತಿತು. ವುಲ್ವರ್‌ಹ್ಯಾಂಪ್ಟನ್ ಬಿಟ್ಟ ಮೇಲೆ ಓಲ್ಸನ್ ಹೋದದ್ದು ಕೊವೆಂಟ್ರಿಗೆ. ಅಲ್ಲಿ 2016ರ ನಂತರ ಸ್ಪೀಡ್‌ವೇ ಇಲ್ಲ. ಮೌಗರ್ ಓಡಿಸಿದ ಎಕ್ಸೆಟರ್ 2005ರಲ್ಲಿ ಹೋಯಿತು. ಪೀಟರ್‌ಬರೋ ಕೂಡ 2023ರಲ್ಲೇ. ಸಿಟಿ ಬೆಳೆಯುತ್ತದೆ, ಮನೆ ಕಟ್ಟುವವರು ಬರುತ್ತಾರೆ, ಪಕ್ಕದಲ್ಲಿ ಮನೆ ಬಂದರೆ ಶಬ್ದದ ದೂರು ಬರುತ್ತದೆ. ಯಾದವಗಿರಿಯಲ್ಲಿ ಫ್ಯಾಕ್ಟರಿ ಗೋಡೆ ಪಕ್ಕ ನಡೆದಾಡಿ ಬೆಳೆದವನಿಗೆ ಈ ಪಟ್ಟಿ ಓದೋಕೆ ಕಷ್ಟ. ಒಂದು ಸಮಾಧಾನ ಅಂದರೆ ಆಕ್ಸ್‌ಫರ್ಡ್. 2007ರ ನಂತರ ನಿಂತೇಹೋಗಿದ್ದ ಟ್ರ್ಯಾಕು 2022ರಲ್ಲಿ ಮತ್ತೆ ಶುರುವಾಯಿತು. ಹೋದದ್ದು ವಾಪಸ್ ಬರಬಹುದು ಅನ್ನೋದಕ್ಕೆ ಅದೊಂದು ಇದೆ.

ಮೈಸೂರಿಗೆ ಬಂದ ಮೇಲೂ ಬಿಡಲಿಲ್ಲ. ಅವರ ಪಂದ್ಯಗಳನ್ನು ದುಡ್ಡು ಕೊಟ್ಟು ಆನ್‌ಲೈನಲ್ಲಿ ನೋಡುತ್ತೇನೆ. ಅಲ್ಲಿ ಬೇಸಿಗೆಯ ಸಂಜೆ ಏಳೂವರೆ ಅಂದರೆ ನಮಗೆ ಸರಿಯಾಗಿ ರಾತ್ರಿ ಹನ್ನೆರಡು. ನನ್ನ ಯೆಜ್ಡಿ ನೋಡಿಕೊಳ್ಳುವ ಮೆಕ್ಯಾನಿಕ್ ಅಣ್ಣನ ಗ್ಯಾರೇಜಲ್ಲಿ ಮೂರ್ನಾಲ್ಕು ಜನ ಸೇರುತ್ತೇವೆ, ಫ್ಲಾಸ್ಕಲ್ಲಿ ಟೀ ಇರುತ್ತದೆ. ಅಣ್ಣ ಪರದೆ ನೋಡುವುದಿಲ್ಲ, ಕಣ್ಣು ಮುಚ್ಚಿ ಶಬ್ದ ಕೇಳುತ್ತಾರೆ. ಒಂದು ರಾತ್ರಿ "ನೀಲಿಯವನ ಕ್ಲಚ್ ಎಳೀತಿಲ್ಲ ಸಾರ್, ನೋಡಿ ಬೇಕಾದ್ರೆ" ಅಂದರು. ಮುಂದಿನ ಹೀಟಿಗೆ ಅವನು ಬೇರೆ ಬೈಕಲ್ಲಿ ಬಂದ!

ನೋಡಬೇಕು ಅನ್ನುವವರಿಗೆ ಎರಡು ಮಾತು. ಇಂಗ್ಲೆಂಡಿಗೆ ಹೋಗುವವರಿದ್ದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ, ಮೊದಲ ಸಲಕ್ಕೆ ಬೆಲ್ ವ್ಯೂ ಆರಿಸಿಕೊಳ್ಳಿ, ತಿರುವಿನ ಹತ್ತಿರ ನಿಲ್ಲಿ, ಹಳೇ ಅಂಗಿ ಹಾಕಿಕೊಳ್ಳಿ, ಕಿವಿಗೆ ಹತ್ತಿ ಇರಲಿ. ಗೇಟಿನಲ್ಲಿ ಪಂದ್ಯದ ಪುಸ್ತಕ ದಯವಿಟ್ಟು ಕೊಳ್ಳಿ, ಆ ನಾಲ್ಕು ಕಾಸು ನಿಜಕ್ಕೂ ಅವರಿಗೆ ಬೇಕು. ಇಲ್ಲಿಂದಲೇ ನೋಡುವವರು ರಾತ್ರಿ ಹನ್ನೊಂದಕ್ಕೆ ಅಲ್ಲಿಯ ಹವಾಮಾನ ನೋಡಿ ಆಮೇಲೆ ದುಡ್ಡು ಕಟ್ಟಿ. ಗ್ಯಾರೇಜಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ, ಟೀ ಲೋಟ ಮಾತ್ರ ನೀವೇ ತನ್ನಿ.