ಎಂಜಿಬಿಗೆ 165/80 ಆರ್14 ಟಯರ್: ಕೊಡಗಿನ ಮಳೆಗಾಲಗಳ ಅನುಭವ

ಎಂಜಿಬಿ ರೋಡ್‌ಸ್ಟರ್ (ಮೇಲ್ಛಾವಣಿ ತೆರೆಯಬಲ್ಲ, ಎರಡು ಆಸನದ ಹಳೆಯ ಬ್ರಿಟಿಷ್ ಕಾರು) ಇಟ್ಟುಕೊಂಡು ಟಯರ್ ಎಲ್ಲಿಂದ ತರಿಸುವುದೆಂದು ಯೋಚಿಸುತ್ತಿರುವವರಿಗೆ ಮೊದಲು ಹೇಳಬೇಕಾದ ಮಾತೆಂದರೆ, ಆ ಕಾರಿಗೆ ಸರಿಯಾಗಿ ಒಪ್ಪುವ ಅಳತೆ ನಮ್ಮ ಊರಿನ ಟಯರ್ ಅಂಗಡಿಗಳಲ್ಲೇ ಸಿಗುತ್ತದೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಈ ಕಾರಿಗೆ ಆರಂಭದಲ್ಲಿ 5.60-14 ಅಳತೆಯ, ಒಳನೂಲಿನ ಪದರಗಳು ಓರೆಯಾಗಿ ಹಾಯುವ ಕ್ರಾಸ್‌ಪ್ಲೈ ಟಯರುಗಳು ಬರುತ್ತಿದ್ದವು. ಮುಂದೆ ಒಳನೂಲು ಅಡ್ಡಕ್ಕೆ ನೇರವಾಗಿ ಹಾಯುವ, 155 ಮತ್ತು 165 ಮಿ.ಮೀ. ಅಗಲದ ರೇಡಿಯಲ್‌ಗಳು ಬಂದವು. ಆ ಕಾಲದ ರೇಡಿಯಲ್‌ಗಳ ಮೇಲೆ ಸೈಡ್‌ವಾಲ್‌ನ (ಟಯರಿನ ಬದಿಗೋಡೆಯ) ಎತ್ತರವನ್ನು ನಮೂದಿಸುತ್ತಿರಲಿಲ್ಲ. ಅದು ಅಗಲದ ಶೇ. 80ಕ್ಕೆ ತುಸು ಹೆಚ್ಚು ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಸ್ವಿಫ್ಟ್, ಡಿಜೈರ್ ಕಾರುಗಳ ಆರಂಭಿಕ ಮಾದರಿಗಳಿಗೆ ಹಾಕುವ 165/80 ಆರ್14 (165 ಮಿ.ಮೀ. ಅಗಲ, ಅದರ ಶೇ. 80ರಷ್ಟು ಎತ್ತರದ ಸೈಡ್‌ವಾಲ್, 14 ಇಂಚಿನ ರಿಮ್ಮಿನ ರೇಡಿಯಲ್) ಟಯರು ಹಳೆಯ 165 ಆರ್14ರ ಸಮಾನ ಅಳತೆಯೇ ಆಗುತ್ತದೆ. ನನ್ನ ಸ್ಪೋಕ್ ಚಕ್ರದ ಕಾರಿಗೆ ಭಾರತದಲ್ಲೇ ತಯಾರಾದ ಈ ಟಯರುಗಳನ್ನು ಹಾಕಿಸಿ ಹಲವು ಮಳೆಗಾಲಗಳು ಕಳೆದಿವೆ.

ಅಗಲದ ಟಯರ್ ಹಾಕಿಸುವ ಆಸೆ ಹಲವರಿಗಿರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ, ಮತ್ತು ಕಾರಣ ಲೆಕ್ಕದಲ್ಲೇ ಇದೆ. 165/80 ಆರ್14 ಟಯರಿನ ಹೊರವ್ಯಾಸ ಸುಮಾರು 620 ಮಿ.ಮೀ. ಆದರೆ, 185/60 ಆರ್14ರದ್ದು 578 ಮಿ.ಮೀ. ಮಾತ್ರ. ಎರಡನೆಯದನ್ನು ಹಾಕಿದರೆ ಮೊದಲೇ ನೆಲಕ್ಕೆ ಹತ್ತಿರವಿರುವ ಕಾರು ಇನ್ನೂ 21 ಮಿ.ಮೀ. ಕೆಳಗಿಳಿಯುತ್ತದೆ, ಅದೇ ವೇಗಕ್ಕೆ ಎಂಜಿನ್ ಶೇ. 7ರಷ್ಟು ಹೆಚ್ಚು ತಿರುಗಬೇಕಾಗುತ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಹೆಚ್ಚಿನ ವೇಗವನ್ನು ತೋರಿಸುತ್ತದೆ. ತೋಟದ ರಸ್ತೆಯ ನಡುದಿಣ್ಣೆಗೆ ಸೈಲೆನ್ಸರ್ ತಾಗುವ ಸದ್ದು ಕೇಳಿದವರಿಗೆ 21 ಮಿ.ಮೀ.ನ ಬೆಲೆ ಗೊತ್ತಿರುತ್ತದೆ. 185/70 ಆರ್14ರಲ್ಲಿ ವ್ಯಾಸದ ತೊಂದರೆ ಇಲ್ಲವಾದರೂ, ನಾಲ್ಕೂವರೆ ಇಂಚಿನ ರಿಮ್ಮಿಗೆ ಅದು ಹಿಡಿಸುವ ಕೊನೆಯ ಮಿತಿ. ಸ್ಪೋಕ್ ಚಕ್ರದ ಕಾರುಗಳಲ್ಲಿ ಹಿಂದಿನ ಮಡ್‌ಗಾರ್ಡಿನ ಒಳ ಅಂಚಿಗೆ ತಾಗುವುದೂ ಉಂಟು. ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ಮಡಿಕೇರಿ ಪೇಟೆಯ ಇಕ್ಕಟ್ಟಿನಲ್ಲಿ ತಿರುಗಿಸುವಾಗ ಆ ಹೆಚ್ಚುವರಿ ಅಗಲವನ್ನು ತೋಳುಗಳೇ ಹೊರಬೇಕು.

ಇನ್ನು ಹಳೆಯ ವಿನ್ಯಾಸದಲ್ಲೇ ಮರಳಿ ತಯಾರಾಗುತ್ತಿರುವ ಪಿರೆಲ್ಲಿ ಚಿಂಟುರಾಟೊದಂತಹ ಟಯರುಗಳು. ಅವು ನಿಜಕ್ಕೂ ಒಳ್ಳೆಯವು. ಅವುಗಳ ದುಂಡನೆಯ ಅಂಚು ಕಾರಿನ ನೋಟಕ್ಕೂ ಒಪ್ಪುತ್ತದೆ, ತಿರುವಿನೊಳಗೆ ಕಾರನ್ನು ಹದವಾಗಿ ವಾಲಿಸಲೂ ನೆರವಾಗುತ್ತದೆ. ಆದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟಯರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಒಬ್ಬ ವ್ಯಕ್ತಿ ತನ್ನ ಒಂದು ಕಾರಿಗಾಗಿ ತರಿಸಿಕೊಳ್ಳುವುದು ಬಹಳ ಕಷ್ಟ. ಘಾಟಿಯಲ್ಲಿ ಒಂದು ಟಯರಿನ ಸೈಡ್‌ವಾಲ್ ಹರಿದರೆ ಅದರ ಜೋಡಿಯನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ನಾನು ಆ ದಾರಿಗೆ ಹೋಗಲಿಲ್ಲ.

ಟಯರ್ ಕೊಂಡಷ್ಟು ಸುಲಭವಲ್ಲ ಅದನ್ನು ಕೂರಿಸುವುದು, ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಸ್ಪೋಕ್ ಚಕ್ರದ ರಿಮ್ಮಿನಲ್ಲಿ ಪ್ರತಿಯೊಂದು ಸ್ಪೋಕಿಗೂ ತೂತು ಇರುವುದರಿಂದ ಗಾಳಿ ನಿಲ್ಲುವುದಿಲ್ಲ. ಟ್ಯೂಬ್‌ಲೆಸ್ ಟಯರಿನೊಳಗೂ ಟ್ಯೂಬ್ ಹಾಕಲೇಬೇಕು. ಟ್ಯೂಬು ರೇಡಿಯಲ್ ಟಯರಿಗೆಂದೇ ಮಾಡಿದ್ದು, ಅದೇ ಅಳತೆಯದ್ದು ಆಗಿರಬೇಕು. ಸ್ಪೋಕಿನ ತುದಿಗಳು ರಿಮ್ಮಿನ ಒಳಮೈಯಲ್ಲಿ ಕೂದಲೆಳೆಯಷ್ಟು ಎದ್ದಿದ್ದರೂ ಕೆಲವೇ ದಿನಗಳಲ್ಲಿ ಟ್ಯೂಬನ್ನು ಕೊರೆದುಬಿಡುತ್ತವೆ. ನಮ್ಮ ಟಯರ್ ಅಂಗಡಿಯ ಹಿರಿಯ ಕೆಲಸಗಾರರು ರಿಮ್ಮಿನೊಳಗೆ ಬೆರಳಾಡಿಸಿ, ಚುಚ್ಚಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಅರದಿಂದ ಉಜ್ಜಿ, ಮತ್ತೆ ಬೆರಳಾಡಿಸಿ ನೋಡಿದ ಮೇಲೆಯೇ ರಬ್ಬರ್ ಪಟ್ಟಿ ಎಳೆದರು. ಟಯರಿನ ಒಳಗೆ ಅಂಟಿಸಿದ್ದ ಕಾಗದದ ಚೀಟಿಯನ್ನೂ ಕಿತ್ತು, ಅಂಟು ಒರೆಸಿ, ಪೌಡರ್ ಹಚ್ಚಿದರು. ಆ ಚೀಟಿಯ ಅಂಚೂ ಟ್ಯೂಬನ್ನು ಸವೆಸಬಲ್ಲದು. ಇಷ್ಟು ತಾಳ್ಮೆ ಇರುವ ಕೈಗೆ ಮಾತ್ರ ಚಕ್ರವನ್ನು ಕೊಡಿ.

ಮಳೆಯಲ್ಲಿ ಈ ಟಯರುಗಳ ನಡವಳಿಕೆ ನನಗೆ ಪೂರ್ಣ ತೃಪ್ತಿ ಕೊಟ್ಟಿದೆ. ಕಿರಿದಾದ ಟಯರು ಬದಿಗೆ ತಳ್ಳಬೇಕಾದ ನೀರು ಕಡಿಮೆ. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗುವ ಸಮತಟ್ಟಾದ ರಸ್ತೆಯಲ್ಲಿ ನೀರು ನಿಂತಿರುವಾಗ ಸ್ಟೀರಿಂಗ್ ಹಗುರಾಗುವ ಅನುಭವ ಅಪರೂಪ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಇಳಿಯುವಾಗ ಹಿಡಿತ ತಪ್ಪುವ ಮೊದಲೇ ಕಾರು ಸ್ಟೀರಿಂಗಿನ ಮೂಲಕ ಸೂಚನೆ ಕೊಡುತ್ತದೆ. ಹಿಂದೆ ಲೀಫ್ ಸ್ಪ್ರಿಂಗ್, ನಾಲ್ಕೂ ಕಡೆ ಲಿವರ್ ಮಾದರಿಯ ಶಾಕ್ ಅಬ್ಸಾರ್ಬರ್ ಇರುವ ಈ ಕಾರಿನ ಸಸ್ಪೆನ್ಷನ್ ರೂಪುಗೊಂಡದ್ದೇ ಇಂತಹ ಕಿರಿದಾದ, ಎತ್ತರದ ಟಯರಿಗಾಗಿ ಎಂಬುದು ಅಲ್ಲಿ ಮನದಟ್ಟಾಗುತ್ತದೆ. ಆಗಸ್ಟ್ ಹೊತ್ತಿಗೆ ಮರಗಳ ನೆರಳಿನ ಒಳರಸ್ತೆಗಳಲ್ಲಿ ಪಾಚಿ ಕಟ್ಟಿ, ಅದರ ಮೇಲೆ ಸಿಲ್ವರ್ ಓಕ್ ಎಲೆ ಬಿದ್ದಿರುವಲ್ಲಿ ಮಾತ್ರ ಇದೂ ಜಾರುತ್ತದೆ. ಅಲ್ಲಿ ನಿಧಾನ ಬಿಟ್ಟರೆ ಬೇರೆ ಉಪಾಯವಿಲ್ಲ.

ಕಂಪನಿಯ ಕೈಪಿಡಿ ಮುಂದೆ 21, ಹಿಂದೆ 24 ಪಿಎಸ್‌ಐ ಗಾಳಿ ಹೇಳುತ್ತದೆ. ಅಷ್ಟಕ್ಕೆ ಸ್ಟೀರಿಂಗ್ ಭಾರವೆನಿಸಿದ್ದರಿಂದ ನಾನು 24 ಮತ್ತು 26 ಇಡುತ್ತೇನೆ. ಈ ಟಯರಿನ ಭಾರಸೂಚಿ 85, ಅಂದರೆ ಒಂದು ಟಯರು ಹೊರಬಲ್ಲದ್ದು 515 ಕೆ.ಜಿ.; ಒಂದು ಟನ್ನೂ ತೂಗದ ಈ ಕಾರಿಗೆ ಧಾರಾಳವಾಯಿತು.

ಕೊರತೆಗಳೂ ಇವೆ. ಇದು ಕುಟುಂಬದ ಕಾರುಗಳಿಗಾಗಿ, ಮೈಲೇಜು ಮತ್ತು ಬಾಳಿಕೆಯನ್ನು ಗಮನದಲ್ಲಿಟ್ಟು ಮಾಡಿದ ಟಯರು. ಮಾಕುಟ್ಟ ಘಾಟಿಯ ಹಿಮ್ಮುರಿ ತಿರುವಿಗೆ ಚುರುಕಾಗಿ ನುಗ್ಗಿದರೆ ಸೈಡ್‌ವಾಲ್ ಬಾಗಿ, ಕಾರು ತಿರುಗಲು ಅರೆಕ್ಷಣ ತಡಮಾಡುತ್ತದೆ. ಒಣ ರಸ್ತೆಯಲ್ಲಿ ವೇಗವೇ ಮುಖ್ಯವೆನ್ನುವವರಿಗೆ ಇದು ರುಚಿಸದು. ಚೌಕನೆಯ ಅಂಚು ಮತ್ತು ಇಂದಿನ ಕಾಲದ ಅಚ್ಚು (ನೆಲಕ್ಕೆ ತಾಗುವ ಮೈಯ ಗೆರೆಗಳ ವಿನ್ಯಾಸ) ಅರವತ್ತರ ದಶಕದ ಕಾರಿನ ಅಂದಕ್ಕೆ ಹೊಂದುವುದಿಲ್ಲವೆಂಬುದನ್ನೂ ಒಪ್ಪುತ್ತೇನೆ.

ಕೊಳ್ಳುವಾಗ ಸೈಡ್‌ವಾಲಿನ ಮೇಲಿನ ನಾಲ್ಕು ಅಂಕಿಗಳನ್ನು ಓದಿ: ಮೊದಲ ಎರಡು ಅಂಕಿ ಟಯರು ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ವರ್ಷಕ್ಕೆ ಸ್ವಲ್ಪವೇ ಓಡುವ ಕಾರಿನಲ್ಲಿ ಅಚ್ಚು 1.6 ಮಿ.ಮೀ.ನ ಸೂಚಕಕ್ಕೆ ಇಳಿಯುವುದಕ್ಕೆ ಎಷ್ಟೋ ಮೊದಲೇ ರಬ್ಬರ್ ಗಡಸಾಗಿ ಮಳೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಇದು ಅನ್ವಯಿಸುತ್ತದೆ. ನಾಲ್ಕರ ಜೊತೆ ಐದನೆಯದನ್ನೂ ಅದೇ ದಿನ ಬದಲಿಸಿ.