ಥಾಯ್ಲೆಂಡ್‌ನಲ್ಲಿ ನಿವೃತ್ತರಿಗೆ ಮನೆ: ಕಾಂಡೋ ಕೊಳ್ಳಬಹುದು, ಲೀಸ್ ವಿಲ್ಲಾ ಯೋಚಿಸಿ

ಐವತ್ತು ದಾಟಿದ ವಿದೇಶಿಯರಿಗೆ ಥಾಯ್ಲೆಂಡ್‌ನ ಏಜೆಂಟರು ತೋರಿಸುವುದು ಮುಖ್ಯವಾಗಿ ಎರಡು: ಸ್ವಂತ ಹೆಸರಿಗೆ ನೋಂದಣಿಯಾಗುವ ಕಾಂಡೋ (ಬಹುಮಹಡಿ ಕಟ್ಟಡದ ಫ್ಲಾಟ್) ಮತ್ತು 30 ವರ್ಷದ ಲೀಸ್ ಮೇಲಿನ ವಿಲ್ಲಾ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಹೇಳುವುದುಂಟು. ಆದರೆ ವಿದೇಶಿಯರು ಸಾಮಾನ್ಯವಾಗಿ ಜಮೀನು ಕೊಳ್ಳುವಂತಿಲ್ಲ, ಹಾಗಾಗಿ ಪೂರ್ಣ ಮಾಲೀಕತ್ವ ಸಿಗುವುದು ಕಾಂಡೋದಲ್ಲಿ ಮಾತ್ರ.

1979ರ ಕಾಂಡೋಮಿನಿಯಂ ಕಾಯ್ದೆಯ ಪ್ರಕಾರ, ಕಟ್ಟಡದ ಎಲ್ಲ ಫ್ಲಾಟುಗಳ ಒಟ್ಟು ವಿಸ್ತೀರ್ಣದಲ್ಲಿ ಶೇ 49ರಷ್ಟನ್ನು ಮಾತ್ರ ವಿದೇಶಿಯರು ಹೊಂದಬಹುದು. ಮುಂಗಡ ಕೊಡುವ ಮೊದಲೇ ಈ ಕೋಟಾದಲ್ಲಿ ಜಾಗವಿದೆಯೆಂದು ಕಟ್ಟಡದ ಆಡಳಿತದಿಂದ ಪತ್ರ ಪಡೆಯಿರಿ. ನಿರ್ವಹಣಾ ಶುಲ್ಕ ಬಾಕಿ ಇಲ್ಲವೆಂಬ ಪತ್ರವೂ ಬೇಕು. ಇವಿಲ್ಲದೆ ಭೂ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲ. ವರ್ಗಾವಣೆ ಶುಲ್ಕ ಸರ್ಕಾರಿ ಮೌಲ್ಯದ ಶೇ 2. ಅದನ್ನು ಯಾರು ಕಟ್ಟುತ್ತಾರೆಂದು ಕರಾರಿನಲ್ಲೇ ಬರೆಸಿ.

ಹೆಚ್ಚಿನವರು ಎಡವುವುದು ಹಣ ಕಳಿಸುವ ಹಂತದಲ್ಲಿ. ಖರೀದಿಯ ಹಣ ಹೊರದೇಶದಿಂದ ವಿದೇಶಿ ಕರೆನ್ಸಿಯಲ್ಲೇ ಬಂದು, ಥಾಯ್ ಬ್ಯಾಂಕಿನಲ್ಲಿ ಅಲ್ಲಿನ ಕರೆನ್ಸಿ ಬಾತ್ ಆಗಬೇಕು. ಕಳಿಸುವಾಗಲೇ ಬಾತ್‌ಗೆ ಬದಲಾಯಿಸಿದರೆ, ಬ್ಯಾಂಕ್ ಕೊಡುವ ವಿದೇಶಿ ವಿನಿಮಯ ಪ್ರಮಾಣಪತ್ರ ಕೈತಪ್ಪುತ್ತದೆ. ಹಣದ ಉದ್ದೇಶದ ಸಾಲಿನಲ್ಲಿ ಕಾಂಡೋ ಖರೀದಿ ಎಂದಿರಲಿ, ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಮುಂದೆ ಮನೆ ಮಾರಿ ಹಣ ಹೊರಗೆ ಒಯ್ಯುವಾಗಲೂ ಬ್ಯಾಂಕ್ ಕೇಳುವುದು ಇದೇ ಕಾಗದವನ್ನು.

ತೆರಿಗೆ ಬಂದು ತಗುಲುವುದೂ ಇಲ್ಲಿಯೇ. ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಥವಾ ಹೆಚ್ಚು ಅಲ್ಲಿದ್ದವರು ತೆರಿಗೆ ನಿವಾಸಿಗಳು. ನಿವಾಸಿಯಾಗಿದ್ದ ವರ್ಷದಲ್ಲಿ ಹೊರದೇಶದಲ್ಲಿ ಗಳಿಸಿದ್ದನ್ನು ಮುಂದಿನ ವರ್ಷ ತಂದರೆ ತೆರಿಗೆ ಇಲ್ಲ ಎಂಬುದು ಹಳೆಯ ದಾರಿ. 2024ರ ಜನವರಿ 1ರಿಂದ ಆ ದಾರಿ ಮುಚ್ಚಿದೆ. ಯಾವ ವರ್ಷ ತಂದರೂ ಲೆಕ್ಕಕ್ಕೆ ಬರುತ್ತದೆ. ಅಂಥ 50 ಲಕ್ಷ ಬಾತ್ ಆದಾಯವನ್ನು ಒಂದೇ ವರ್ಷ ತಂದರೆ, ವಿನಾಯಿತಿ, ಕಡಿತಗಳನ್ನು ಹಿಡಿಯದೆ ತೆರಿಗೆ 12.65 ಲಕ್ಷ ಬಾತ್! 2024ಕ್ಕೆ ಮೊದಲಿನ ಗಳಿಕೆಗೆ ಈ ನಿಯಮ ತಾಗದು, ನಿವಾಸಿಯಾಗಿರದ ವರ್ಷದ ಗಳಿಕೆಗೂ ತಾಗದು. ಆದ್ದರಿಂದ 2023ರ ಡಿಸೆಂಬರ್ 31ರ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿಡಿ. ಹಳೆಯ ಉಳಿತಾಯವನ್ನು ಪಿಂಚಣಿ ಬೀಳುವ ಖಾತೆಯೊಂದಿಗೆ ಬೆರೆಸಬೇಡಿ. ಬೆರೆತ ಮೇಲೆ ಯಾವುದು ಯಾವ ವರ್ಷದ್ದೆಂದು ತೋರಿಸುವುದು ಬಹಳ ಕಷ್ಟ. ತವರಿನಲ್ಲಿ ಕಟ್ಟಿದ ತೆರಿಗೆಗೆ ದ್ವಿತೆರಿಗೆ ಒಪ್ಪಂದದಡಿ ರಿಯಾಯಿತಿ ಸಿಗಬಹುದು, ರಸೀದಿ ಇದ್ದರೆ.

ನಿವೃತ್ತಿ ವೀಸಾಕ್ಕೆ ಮನೆ ಲೆಕ್ಕಕ್ಕಿಲ್ಲ. ಅದಕ್ಕೆ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಮನೆಯ ಬಜೆಟ್ಟಿನಿಂದ ಇದನ್ನು ಬೇರೆಯಾಗಿಯೇ ಇಡಿ.

ಇನ್ನು ವಿಲ್ಲಾ. ಮನೆಗೆಂದು ಕೊಡುವ ಲೀಸಿಗೆ ಕಾನೂನಿನ ಮಿತಿ 30 ವರ್ಷ. ಮೂರು ವರ್ಷ ಮೀರಿದ್ದು ಭೂ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಶುಲ್ಕ ಮತ್ತು ಮುದ್ರಾಂಕ ಸೇರಿ ಶೇ 1.1. ‘30+30+30’ ಎಂಬ ನವೀಕರಣದ ಭರವಸೆಯನ್ನು ನಂಬಿ ಬೆಲೆ ಕಟ್ಟಬೇಡಿ, ಜಮೀನು ಕೈ ಬದಲಾದರೆ ಹೊಸ ಮಾಲೀಕನಿಗೆ ಅದರ ಹಂಗಿಲ್ಲ. ಇದಕ್ಕಿಂತ ದೊಡ್ಡ ದೋಷವೊಂದಿದೆ: ವಾರಸುದಾರರಿಗೆ ಹಕ್ಕು ಸಲ್ಲುತ್ತದೆಂದು ಕರಾರಿನಲ್ಲಿ ಬರೆಸದಿದ್ದರೆ ಲೀಸುದಾರನ ಸಾವಿನೊಂದಿಗೇ ಲೀಸ್ ಮುಗಿಯುತ್ತದೆ. ಎಪ್ಪತ್ತರ ಗಂಡ ಒಬ್ಬನೇ ಸಹಿ ಹಾಕಿದ್ದರೆ, ಆತ ತೀರಿಕೊಂಡ ಮೇಲೆ ಹೆಂಡತಿ ಮನೆ ಬಿಡಬೇಕಾದೀತು. ದಂಪತಿ ಇಬ್ಬರ ಹೆಸರನ್ನೂ ಸೇರಿಸಿ. ಜಮೀನು ಅಡಮಾನವಾಗಿದೆಯೇ ಎಂಬುದು ಹಕ್ಕುಪತ್ರದ ಹಿಂಬದಿಯಲ್ಲಿ ಸಿಗುತ್ತದೆ, ಮೂಲಪ್ರತಿಯನ್ನೇ ತಿರುಗಿಸಿ ನೋಡಿ.

ಹೆಸರಿಗಷ್ಟೇ ಥಾಯ್ ಷೇರುದಾರರನ್ನಿಟ್ಟು ಕಂಪನಿ ಮೂಲಕ ಜಮೀನು ಕೊಡಿಸುತ್ತೇವೆ ಎನ್ನುವ ಏಜೆಂಟನ ಜೊತೆ ಮಾತು ಮುಂದುವರಿಸಬೇಡಿ. ಅದು ಅಪರಾಧ, ಜಮೀನು ಮಾರಬೇಕಾಗುತ್ತದೆ, ಜೈಲು ಶಿಕ್ಷೆಗೂ ಅವಕಾಶವಿದೆ.