ಕ್ಲೀಟ್ ಬಿಚ್ಚಿಟ್ಟು 14 ತಿಂಗಳು: ಆನೆಗೊಂದಿ ಬಂಡೆಗಳ ಮೇಲೆ ಫ್ಲಾಟ್ ಪೆಡಲ್

ಖಾಲಿ ಗೋಣಿಚೀಲ ಸುತ್ತಿ ನೆಲದ ಮೇಲಿಟ್ಟರೆ ಒಂದು ಗೇಣು ಎತ್ತರವೂ ಆಗುವುದಿಲ್ಲ. ಎರಡು ವರ್ಷ ಮೌಂಟನ್ ಬೈಕ್ ಓಡಿಸಿದ ಮೇಲೂ ಅಷ್ಟು ಎತ್ತರಕ್ಕೆ ಸೈಕಲ್ ಹಾರಿಸಲು ನನಗೆ ಬರುತ್ತಿರಲಿಲ್ಲ. ಅದು ಗೊತ್ತಾದದ್ದು ಫ್ಲಾಟ್ ಪೆಡಲ್, ಅಂದರೆ ಶೂ ಸಿಕ್ಕಿಸಿಕೊಳ್ಳದ ಚಪ್ಪಟೆ ಪೆಡಲ್, ಹಾಕಿದ ಮೊದಲ ಸಂಜೆ. ನಾನು ಮೇಲೆ ಹಾರಿದೆ, ಸೈಕಲ್ ನೆಲದಲ್ಲೇ ಇತ್ತು. ಅಲ್ಲಿವರೆಗೆ ಶೂಗೆ ಸಿಕ್ಕಿಕೊಂಡ ಪೆಡಲನ್ನು ಎರಡೂ ಕಾಲಿನಿಂದ ಎಳೆದು ಎತ್ತುತ್ತಿದ್ದೆ. ಅದನ್ನೇ 'ಬನ್ನಿ ಹಾಪ್', ಅಂದರೆ ಎರಡೂ ಚಕ್ರ ಎತ್ತಿ ಹಾರುವುದು, ಅಂದುಕೊಂಡಿದ್ದೆ. ಆ ಸಂಜೆ ನಿಜಕ್ಕೂ ಬೇಜಾರಾಯಿತು.

ನನ್ನದು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ಸುಗ್ಗಿಯ ತಿಂಗಳಲ್ಲಿ ಸೈಕಲ್ ಗೋಡೆಗೆ ಒರಗಿರುತ್ತೆ. ಉಳಿದಂತೆ ವಾರಕ್ಕೆ ಮೂರು ಬೆಳಿಗ್ಗೆ ಆನೆಗೊಂದಿ, ಹನುಮನಹಳ್ಳಿ, ಸಾಣಾಪುರದ ಕಡೆ ಹೋಗುತ್ತೇನೆ. ಚಿರತೆ ಓಡಾಡುವ ಜಾಗ, ಹಾಗಾಗಿ ಬೆಳಕು ಹರಿಯುವ ಮುಂಚೆ ಬಂಡೆಗಳ ನಡುವೆ ಇಳಿಯುವುದಿಲ್ಲ. ಹಳೆ ಗುಡಿ, ಕೋಟೆ ಗೋಡೆ ಇರುವ ಕಡೆ ಸೈಕಲ್ ಹತ್ತಿಸುವುದೂ ಇಲ್ಲ. ಮಿಕ್ಕ ಕಾಲುದಾರಿ, ಕುರಿದಾರಿ, ಕಾಲುವೆ ದಂಡೆ ನನಗೆ ಸಾಕು. ಸೈಕಲ್ ಸಾಧಾರಣ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವುದು), ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಕ್ಲಿಪ್‌ಲೆಸ್ ಹಾಕಿಸಿದ್ದು ರಸ್ತೆ ಮೇಲೆ ದೂರ ಹೋಗುವ ಗೆಳೆಯರನ್ನು ನೋಡಿ. ಕಾಲು ಪೆಡಲಿಗೆ ಸಿಕ್ಕಿಸಿಕೊಳ್ಳುವುದಕ್ಕೆ 'ಕ್ಲಿಪ್ ಇಲ್ಲದ್ದು' ಅನ್ನುವ ಹೆಸರು ಯಾಕೆ ಅಂತ ಹೊಸಬರು ಕೇಳುತ್ತಾರೆ. ಮೊದಲೆಲ್ಲ ಪೆಡಲಿನ ಮುಂದೆ ಪಂಜರದಂಥ ಕ್ಲಿಪ್, ಅದಕ್ಕೊಂದು ಚರ್ಮದ ಪಟ್ಟಿ ಇರುತ್ತಿತ್ತು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಹಿಮದಲ್ಲಿ ಜಾರುವ ಸ್ಕೀ ಹಲಗೆಗೆ ಬೂಟು ಸಿಕ್ಕಿಸುವ ರೀತಿಯನ್ನೇ ಪೆಡಲಿಗೆ ತಂದು ಆ ಪಂಜರವನ್ನು ತೆಗೆದುಹಾಕಿತು. ಮರುವರ್ಷ ಬರ್ನಾರ್ಡ್ ಇನೋ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಹೆಸರು ಹಾಗೇ ನಿಂತುಬಿಟ್ಟಿತು. ಶೂ ಅಡಿಯಲ್ಲಿ ಕ್ಲೀಟ್ ಅನ್ನುವ ಸಣ್ಣ ಕಬ್ಬಿಣದ ತುಂಡು ಇರುತ್ತೆ. ಒತ್ತಿದರೆ ಟಕ್ ಅಂತ ಕೂರುತ್ತೆ, ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ಬಿಡುತ್ತೆ. ಬಿಡಬೇಕು.

ನನ್ನದು ಒಂದು ದಿನ ಬಿಡಲಿಲ್ಲ. ಮಳೆ ಬಂದು ನಿಂತಿತ್ತು. ಕಾಲುವೆ ದಂಡೆಯ ಮೇಲೆ ಎರೆಮಣ್ಣು ಮೆತ್ತುತ್ತಿದ್ದರಿಂದ ಇಳಿದು ಸೈಕಲ್ ತಳ್ಳಿಕೊಂಡು ನಡೆದೆ. ಶೂ ಅಡಿಯಲ್ಲಿ ಒಂದು ಮುದ್ದೆ ಮಣ್ಣು ಕೂತಿತ್ತು. ಕಲ್ಲಿಗೆ ಉಜ್ಜಿ, ಬಲವಾಗಿ ಒತ್ತಿ ಸಿಕ್ಕಿಸಿಕೊಂಡು ಹೊರಟೆ. ಸಾಣಾಪುರ ಕೆರೆಯ ಆಚೆ ಒಂದು ಇಳಿಜಾರು ಬಂಡೆ ಇದೆ, ಆನೆ ಬೆನ್ನಿನ ಹಾಗೆ. ಅದನ್ನು ಹತ್ತುವಾಗ ಅರ್ಧದಲ್ಲಿ ಉಸಿರು ಸಾಲದೆ ಸೈಕಲ್ ನಿಂತಿತು. ಎಡ ಹಿಮ್ಮಡಿ ತಿರುಗಿಸಿದೆ. ಅಲ್ಲಾಡಲಿಲ್ಲ. ಇನ್ನೊಮ್ಮೆ ತಿರುಗಿಸುವಷ್ಟರಲ್ಲಿ ಎಡಕ್ಕೆ ವಾಲಿ, ಮೊಣಕೈ ಕಲ್ಲಿಗೆ ಬಡಿಯಿತು. ಸೈಕಲ್ ಕಾಲಿಗೆ ಹಾಗೇ ಅಂಟಿಕೊಂಡಿತ್ತು. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಓಡಿ ಬಂದು ನೋಡಿದರು. "ಕಾಲು ಬಿಡವಲ್ದೇನು ತಮ್ಮಾ ಸೈಕಲ್ಲು?" ಅಂದರು. ಅವರೇ ನನ್ನ ಶೂ ಪಟ್ಟಿ ಬಿಚ್ಚಿ ಪಾದ ಹೊರಗೆ ತೆಗೆದರು. ಶೂ ಪೆಡಲಿನಲ್ಲೇ ಉಳಿಯಿತು.

ಮೂಳೆ ಮುರಿದಿರಲಿಲ್ಲ, ಆದರೆ ಮೂರು ವಾರ ಪೆನ್ನು ಹಿಡಿದು ಕೂತಾಗಲೆಲ್ಲ ಮೊಣಕೈ ನೆನಪು ಮಾಡುತ್ತಿತ್ತು. ಆ ಸಿಟ್ಟಿನಲ್ಲೇ ಫ್ಲಾಟ್ ಪೆಡಲ್ ತರಿಸಿದೆ. ನೈಲಾನಿನದು, ಒಂದೊಂದು ಬದಿಗೆ ಹತ್ತು ಲೋಹದ ಪಿನ್, 1,900 ರೂಪಾಯಿ. ಅಲ್ಯೂಮಿನಿಯಮ್ಮಿನದು ತೆಳುವಾಗಿ ಚೆನ್ನಾಗಿ ಕಾಣುತ್ತೆ, ಆದರೆ ನಮ್ಮ ಕಲ್ಲಿಗೆ ಪೆಡಲ್ ದಿನಾ ಬಡಿಯುತ್ತೆ. ನೈಲಾನ್ ಕಲ್ಲಿನ ಮೇಲೆ ಜಾರಿಕೊಂಡು ಮುಂದೆ ಹೋಗುತ್ತೆ, ಅಲ್ಯೂಮಿನಿಯಂ ಕಚ್ಚಿ ನಿಲ್ಲಿಸುತ್ತೆ. ನನ್ನ ಜೇಬಿಗೂ ನಮ್ಮ ಬಂಡೆಗೂ ಇದೇ ಸರಿ.

ನೀವೇ ಹಾಕಿಕೊಳ್ಳುವುದಾದರೆ ಒಂದು ಮಾತು. ಎಡಗಡೆ ಪೆಡಲಿನ ಮರೆ (ಥ್ರೆಡ್) ಉಲ್ಟಾ ಇರುತ್ತೆ. ನನಗೆ ಸಹಾಯ ಮಾಡಲು ಬಂದ ಹುಡುಗ ಪಾನಾ ಹಾಕಿ ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿಬಿಟ್ಟಿದ್ದ. ಪಾನಾದ ಹಿಡಿ ಮೇಲಕ್ಕಿರುವ ಹಾಗೆ ಹಾಕಿ. ಎರಡೂ ಕಡೆ ಅದನ್ನು ಮುಂದಿನ ಚಕ್ರದ ಕಡೆ ತಿರುಗಿಸಿದರೆ ಬಿಗಿ, ಹಿಂದಿನ ಚಕ್ರದ ಕಡೆ ತಿರುಗಿಸಿದರೆ ಸಡಿಲ. ಮರೆಗೆ ಸ್ವಲ್ಪ ಗ್ರೀಸ್ ಸವರಿ.

ಈಗ ಗೋಣಿಚೀಲದ ವಿಷಯ. ಗಿರಣಿ ಹಿಂದೆ ಭತ್ತ ಒಣಗಿಸುವ ಸಿಮೆಂಟ್ ಕಣ ಇದೆ. ಸಂಜೆ ಐದೂವರೆಗೆ ಲೆಕ್ಕದ ಪುಸ್ತಕ ಮುಚ್ಚಿ, ಒಂದು ಚೀಲ ಸುತ್ತಿ ಕಣದ ನಡುವೆ ಇಟ್ಟು ಅರ್ಧ ಗಂಟೆ ಅಭ್ಯಾಸ. ಅಕ್ಕನ ಮಗ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದ. "ಮಾಮಾ, ಮುಂದಿನ ಗಾಲಿ ಎದ್ದೈತಿ, ಹಿಂದಿಂದು ಎದ್ದಿಲ್ಲ" ಅಂತ ಪ್ರತಿ ಸಲ ವರದಿ ಕೊಡುತ್ತಿದ್ದ. ಮೊದಲ ವಾರ ಪೂರ್ತಿ ಅದೇ ವರದಿ.

ಕಲಿತದ್ದು ಹೀಗೆ. ಮೊದಲು ಮೊಣಕಾಲು, ಮೊಣಕೈ ಎರಡೂ ಮಡಿಸಿ ಸೈಕಲನ್ನು ನೆಲಕ್ಕೆ ಒತ್ತಬೇಕು. ಆಮೇಲೆ ಕೈ ನೀಟಾಗಿ ಚಾಚಿ, ಸೊಂಟ ಹಿಂದಿನ ಚಕ್ರದ ಮೇಲೆ ಹೋಗುವ ಹಾಗೆ ಹಿಂದಕ್ಕೆ ಸರಿಯಬೇಕು. ಮುಂದಿನ ಚಕ್ರ ತಾನಾಗಿ ಏಳುತ್ತೆ. ಕೈಯಿಂದ ಎಳೆಯುವ ಕೆಲಸವೇ ಇಲ್ಲ. ಅಲ್ಲಿಂದ ಎದ್ದು ನಿಂತು, ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು. ಅದೇ ಹೊತ್ತಿಗೆ ಕಾಲ ಬೆರಳು ಕೆಳಗೆ ಮಾಡಿ, ಪೆಡಲನ್ನು ಹಿಂದಕ್ಕೂ ಮೇಲಕ್ಕೂ ಕೆರೆದು ಎತ್ತಿದ ಹಾಗೆ ಒತ್ತಬೇಕು. ಕಾಲಿನ ಬೆರಳಿನಿಂದ ಚಪ್ಪಲಿ ಹಿಂದಕ್ಕೆ ಸರಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ ಚಲನೆ. ಪಿನ್ನುಗಳು ಶೂವಿನ ರಬ್ಬರನ್ನು ಹಿಡಿದಿರುತ್ತವೆ, ಹಿಂದಿನ ಚಕ್ರ ಕಾಲಿನ ಜೊತೆ ಬರುತ್ತೆ. ಹೊತ್ತು ತಪ್ಪಿದರೆ ಕಾಲು ಪೆಡಲ್ ಬಿಟ್ಟು ಎದ್ದುಬಿಡುತ್ತೆ. ಕ್ಲೀಟ್ ಇದ್ದಾಗ ಹೊತ್ತು ತಪ್ಪಿದರೂ ಸೈಕಲ್ ಏಳುತ್ತಿತ್ತು, ಹಾಗಾಗಿ ತಪ್ಪು ಅಂತಲೇ ಗೊತ್ತಾಗುತ್ತಿರಲಿಲ್ಲ. ಫ್ಲಾಟ್ ಪೆಡಲ್ ಅದೇ ಕ್ಷಣ ಹೇಳಿಬಿಡುತ್ತೆ.

ಹದಿನೆಂಟನೇ ದಿನ ಎರಡೂ ಚಕ್ರ ಚೀಲ ಮುಟ್ಟದೆ ದಾಟಿದವು. ಹುಡುಗ ಮೊಬೈಲ್ ಕೆಳಗಿಟ್ಟು ಚಪ್ಪಾಳೆ ಹೊಡೆದ, ಹಾಗಾಗಿ ಆ ವಿಡಿಯೊದಲ್ಲಿ ಬರೀ ಆಕಾಶ ಇದೆ.

ಎದುರು ನೋಡದೇ ಇದ್ದ ಇನ್ನೊಂದು ಖುಷಿ ಅಂಗೈಯದು. ಮೊದಲು ಅಂಜನಾದ್ರಿ ಸುತ್ತಲಿನ ಕಲ್ಲುದಾರಿಯಲ್ಲಿ ಇಳಿದು ಬಂದರೆ ಅಂಗೈ ಉರಿದು ಬೆರಳು ಜೋಮು ಹಿಡಿಯುತ್ತಿತ್ತು. ಗ್ಲೌಸ್ ಬದಲಿಸಿದೆ, ಗ್ರಿಪ್ ಬದಲಿಸಿದೆ, ದುಡ್ಡು ಹೋಯಿತೇ ಹೊರತು ಉರಿ ಹೋಗಲಿಲ್ಲ. ಫ್ಲಾಟ್ ಪೆಡಲಿನಲ್ಲಿ ಕಾಲು ಉಳಿಯಬೇಕಾದರೆ ಇಳಿಜಾರಿನಲ್ಲಿ ಹಿಮ್ಮಡಿ ಕೆಳಗೆ ಇಳಿಸಲೇಬೇಕು. ಬ್ರೇಕ್ ಹಿಡಿದಾಗ ಮೈಭಾರ ಪೂರ್ತಿ ಪಾದದ ಮೂಲಕ ಪೆಡಲಿಗೆ ಹೋಗುತ್ತೆ. ಆಗ ಕೈಗೆ ಹ್ಯಾಂಡಲ್ ತಿರುಗಿಸುವ ಕೆಲಸ ಅಷ್ಟೇ. ಕ್ಲೀಟ್ ಹಾಕಿದ್ದಾಗ ನಾನು ಬೆರಳು ಕೆಳಗೆ ಮಾಡಿ, ಮೈಯೆಲ್ಲ ಅಂಗೈ ಮೇಲೆ ಹಾಕಿ ಇಳಿಯುತ್ತಿದ್ದೆ. ಕಾಲು ಜಾರುವ ಭಯ ಇಲ್ಲದ್ದರಿಂದ ಅದು ನಡೆದುಹೋಗುತ್ತಿತ್ತು. ಒಂದು ತಿಂಗಳಲ್ಲಿ ಉರಿ ನಿಂತಿತು. ಇದಕ್ಕಾಗಿಯೇ 1,900 ಕೊಟ್ಟಿದ್ದರೂ ನನಗೆ ಲಾಭವೇ.

ಶೂ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ನಾನು ಮೊದಲ ಎರಡು ತಿಂಗಳು ಓಡುವ ಶೂ ಹಾಕಿದೆ. ಅಡಿ ಮೆತ್ತಗೆ, ಅದರಲ್ಲಿ ದಪ್ಪ ಗೀರು. ಪಿನ್ ಆ ಗೀರಿನೊಳಗೆ ಇಳಿದು ಹಿಡಿತವೇ ಸಿಗುವುದಿಲ್ಲ. ಒಂದು ಸಲ ಕಾಲು ಜಾರಿ ಪೆಡಲ್ ತಿರುಗಿ ಮೊಣಕಾಲಿನ ಕೆಳಗೆ, ಮುಂಗಾಲಿಗೆ ಬಡಿಯಿತು. ನಾಲ್ಕು ಪಿನ್, ನಾಲ್ಕು ಗಾಯ, ಸಾಲಾಗಿ. ಗುರುತು ಇವತ್ತಿಗೂ ಇದೆ. ಫ್ಲಾಟ್ ಪೆಡಲಿನ ದೊಡ್ಡ ದೋಷ ಇದೇ, ಮುಚ್ಚಿಡುವುದಿಲ್ಲ. ಕಲಿಯುವ ತಿಂಗಳುಗಳಲ್ಲಿ ಮುಂಗಾಲಿಗೆ ಗಾರ್ಡ್ ಕಟ್ಟಿಕೊಳ್ಳಿ.

ಆಮೇಲೆ ಸಾಣಾಪುರದಲ್ಲಿ ಬಂಡೆ ಹತ್ತಲು ಬರುವವರನ್ನು ನೋಡಿದೆ. ಬೆನ್ನ ಮೇಲೆ ಹಾಸಿಗೆಯಂಥ ದಪ್ಪ ಪ್ಯಾಡ್ ಹೊತ್ತು, ಹಗ್ಗ ಇಲ್ಲದೆ ಹತ್ತುತ್ತಾರೆ. ಅವರ ಶೂ ಅಡಿ ನುಣ್ಣಗೆ, ಅಂಟಂಟು ರಬ್ಬರ್. ಸೈಕಲ್ ಫ್ಲಾಟ್ ಶೂಗಳ ಕಥೆ ಶುರುವಾದದ್ದೂ ಅಲ್ಲಿಂದಲೇ. ಫೈವ್ ಟೆನ್ ಅನ್ನುವ ಕಂಪನಿ 1985ರಲ್ಲಿ ಹುಟ್ಟಿದ್ದು ಬಂಡೆ ಹತ್ತುವವರಿಗಾಗಿ. ಬಂಡೆ ಹತ್ತುವ ಕಷ್ಟದ ಮಟ್ಟ ಹೇಳುವ ಅಮೆರಿಕದ ಲೆಕ್ಕದಲ್ಲಿ 5.10 ಅಂತ ಒಂದಿದೆ, ಹೆಸರು ಅದರದ್ದೇ. ಆ ರಬ್ಬರೇ ಮುಂದೆ ಸೈಕಲ್ ಶೂಗೆ ಬಂತು. ಕಲ್ಲು ಹಿಡಿಯುವ ರಬ್ಬರ್ ಪಿನ್ನನ್ನೂ ಹಿಡಿಯುತ್ತೆ. ನಮ್ಮೂರಿನ ಬಂಡೆ ಹತ್ತುವವರ ಕಾಲಲ್ಲಿದ್ದದ್ದೇ ನನ್ನ ಪೆಡಲಿಗೂ ಬೇಕಾಗಿತ್ತು ಅಂತ ತಿಳಿದಾಗ ಆದ ಖುಷಿ ಹೇಳತೀರದು. ಅಂಥದ್ದೇ ಅಡಿ ಇರುವ, ಬೇರೆ ಕಂಪನಿಯ ಶೂ 6,500ಕ್ಕೆ ತಗೊಂಡೆ. ಪೆಡಲಿನ ಬೆಲೆಯ ಮೂರು ಪಟ್ಟಿಗೂ ಜಾಸ್ತಿ, ಆದರೆ ಫರಕ್ಕೂ ಅಷ್ಟೇ ಜಾಸ್ತಿ. ಬಜೆಟ್ ಕಡಿಮೆ ಇದ್ದರೆ ಸಾದಾ ಪೆಡಲ್ ತಗೊಂಡು ಶೂಗೆ ದುಡ್ಡು ಹಾಕಿ. ಅದೂ ಆಗದಿದ್ದರೆ ಚಪ್ಪಟೆ, ಗಟ್ಟಿ ರಬ್ಬರ್ ಅಡಿಯ ಕ್ಯಾನ್ವಾಸ್ ಶೂ ಓಡುವ ಶೂಗಿಂತ ಮೇಲು.

ಭಾನುವಾರ ಮಧ್ಯಾಹ್ನ ಪೆಡಲಿನ ಸೇವೆ. ಹಳೆ ಹಲ್ಲುಜ್ಜುವ ಬ್ರಷ್, ಒಂದು ತಂಬಿಗೆ ನೀರು. ಪಿನ್ನುಗಳ ಬುಡದ ಮಣ್ಣು ತೆಗೆದು, ಒಂದೊಂದನ್ನೂ ಬೆರಳಿನಿಂದ ಅಲ್ಲಾಡಿಸಿ ನೋಡುತ್ತೇನೆ. ಪೆಡಲನ್ನು ಸುಮ್ನೆ ತಿರುಗಿಸಿ ಕಿವಿ ಹತ್ತಿರ ಇಡುತ್ತೇನೆ. ಎಂಟನೇ ತಿಂಗಳಲ್ಲಿ ಬಲಗಡೆಯದು ಕರಕರ ಅಂದಿತು, ಹಿಡಿದು ಅಲ್ಲಾಡಿಸಿದರೆ ಆಡುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಧೂಳು ಕೂಡಿದ ಕಪ್ಪು ಗ್ರೀಸ್. ಒರೆಸಿ ಹೊಸದು ತುಂಬಿದೆ, ಸರಿಹೋಯಿತು. ಶೂ ಒಣಗಿಸುವುದು ನೆರಳಲ್ಲಿ ಮಾತ್ರ. ನಮ್ಮ ಏಪ್ರಿಲ್ ಬಿಸಿಲಿಗಿಟ್ಟರೆ ಅಂಟಿನ ಅಡಿ ಬಾಯಿ ಬಿಡುತ್ತೆ.

ಇಷ್ಟೆಲ್ಲ ಬರೆದ ಮೇಲೆ ಕ್ಲೀಟಿಗೂ ನ್ಯಾಯ ಹೇಳಬೇಕು. ಕಳೆದ ಮಳೆಗಾಲದಲ್ಲಿ ಆ ಹಳೆ ಪೆಡಲನ್ನು ಡಬ್ಬಿಯಿಂದ ತೆಗೆದು ಸರಿಯಾಗಿ ನೋಡಿದೆ. ಅದರಲ್ಲೊಂದು ಸಣ್ಣ ಸ್ಕ್ರೂ ಇದೆ, ಹಿಡಿತ ಬಿಗಿ ಸಡಿಲ ಮಾಡಲು. ಎರಡು ವರ್ಷದಲ್ಲಿ ನಾನು ಒಂದು ಸಲವೂ ಅದಕ್ಕೆ ಅಲೆನ್ ಕೀ ಹಾಕಿರಲಿಲ್ಲ. ಅಂಗಡಿಯಿಂದ ಬಂದಷ್ಟೇ ಬಿಗಿಯಲ್ಲಿ ಓಡಿಸಿದ್ದೆ. ಯಾವ ಕಡೆ ತಿರುಗಿಸಿದರೂ ಬಿಡುವ ಬೇರೆ ಜಾತಿಯ ಕ್ಲೀಟ್ ಸಿಗುತ್ತೆ, ಹೊಸಬರಿಗೆ ಅದೇ ಒಳ್ಳೆಯದು ಅನ್ನುವುದೂ ಗೊತ್ತಿರಲಿಲ್ಲ. ಮಣ್ಣು ಕೂತ ಶೂವನ್ನು ಒತ್ತಿ ಸಿಕ್ಕಿಸಿದ್ದು ನಾನೇ. ಮೊಣಕೈ ನೋವಿನ ಪೂರ್ತಿ ಲೆಕ್ಕವನ್ನು ಪೆಡಲಿನ ಖಾತೆಗೆ ಬರೆದಿದ್ದು ಸರಿಯಲ್ಲ.

ಬಿಗಿ ಸಡಿಲ ಮಾಡಿ, ಮಳೆ ಬಿಟ್ಟ ದಿನ ರಸ್ತೆ ಹಿಡಿದು ಕನಕಗಿರಿಗೆ ಹೋಗಿ ಬಂದೆ. 'ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು' ಅಂತ ನಮ್ಮ ಕಡೆ ಗಾದೆ. ಆ ದಿನ ಕಣ್ಣಿಗೆ ಪೂರ್ತಿ ಬಿಡುವಿತ್ತು, ಯಾಕೆಂದರೆ ಕಾಲು ಎಲ್ಲಿದೆ ಅಂತ ಯೋಚಿಸಬೇಕಾಗಿರಲಿಲ್ಲ. ಪೆಡಲ್ ಎಳೆದು ಶಕ್ತಿ ಜಾಸ್ತಿ ಬರುತ್ತೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ, ತುಳಿತವೇ ಮುಖ್ಯ. ಆದರೆ ಪಾದ ಒಂದೇ ಜಾಗದಲ್ಲಿ ನಿಲ್ಲುವುದು ದೂರದ ಸವಾರಿಯಲ್ಲಿ ದೊಡ್ಡ ಸುಖ. ಸಣ್ಣ ಕಲ್ಲು ಹಾಸಿದ ದಾರಿಯಲ್ಲಿ ಕುಳಿತು ತುಳಿಯುವಾಗಲೂ ಅಷ್ಟೇ. ಅಲ್ಲಿ ಫ್ಲಾಟ್ ಪೆಡಲಿನ ಮೇಲೆ ನನ್ನ ಕಾಲು ಈಗಲೂ ಕುಣಿಯುತ್ತೆ, ಸುಸ್ತಾದಾಗ ಇನ್ನೂ ಜಾಸ್ತಿ.

ರೇಸಿನವರನ್ನು ನೋಡಿದರೂ ಒಂದೇ ಉತ್ತರ ಸಿಗುವುದಿಲ್ಲ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2017, 2018, 2019 ಮೂರೂ ವರ್ಷ ಎಂಡ್ಯೂರೊ ವರ್ಲ್ಡ್ ಸೀರೀಸ್ (ಇಳಿಜಾರಿನ ಓಟಕ್ಕೇ ಹೆಚ್ಚು ಬೆಲೆ ಇರುವ ರೇಸುಗಳು) ಗೆದ್ದದ್ದು ಫ್ಲಾಟ್ ಪೆಡಲಿನಲ್ಲಿ. ಏರು, ಇಳಿಜಾರು ಎರಡನ್ನೂ ತುಳಿಯುವ ಕ್ರಾಸ್‌ಕಂಟ್ರಿ ರೇಸಿಗೆ ಬಂದರೆ ಹೆಚ್ಚುಕಡಿಮೆ ಎಲ್ಲರ ಕಾಲಲ್ಲೂ ಕ್ಲೀಟ್. ಅವರೆಲ್ಲ ಕಲಿತು ಮುಗಿಸಿದವರು. ನಾನು ಇನ್ನೂ ಕಲಿಯುತ್ತಿರುವವನು, ಹಾಗಾಗಿ ಬಂಡೆಗೆ ಹೋಗುವ ದಿನ ಫ್ಲಾಟ್, ರಸ್ತೆಗೆ ಹೋಗುವ ದಿನ ಕ್ಲೀಟ್. ಬದಲಿಸಲು ಹತ್ತು ನಿಮಿಷ ಸಾಕು.

ಆ ಆನೆ ಬೆನ್ನಿನ ಬಂಡೆಯನ್ನು ಈ ಜನವರಿಯಲ್ಲಿ ಹತ್ತಿದೆ. ಅದಕ್ಕೂ ಮುಂಚೆ ಐದು ಸಲ ಅರ್ಧದಲ್ಲಿ ನಿಂತೆ. ಐದೂ ಸಲ ಕಾಲು ಕೆಳಗಿಟ್ಟು ನಿಂತು, ಸೈಕಲ್ ತಿರುಗಿಸಿಕೊಂಡು ಮತ್ತೆ ಕೆಳಗಿಂದ ಶುರು ಮಾಡಿದೆ. ಬೀಳುವ ಭಯ ಇಲ್ಲದ್ದಕ್ಕೇ ಆರನೇ ಸಲ ಅನ್ನುವುದು ಇತ್ತು.

ಕಳೆದ ವಾರ ಎಡ ಪೆಡಲಿನ ಎರಡು ಪಿನ್ ಎಲ್ಲೋ ಬಿದ್ದುಹೋದವು. ಆನ್‌ಲೈನಿನಲ್ಲಿ ಪಿನ್ ಪಾಕೀಟು ತರಿಸಲು 400 ರೂಪಾಯಿ ಕೇಳುತ್ತಾರೆ. ನನ್ನ ಪೆಡಲಿಗೆ 4 ಮಿಲಿಮೀಟರ್ ದಪ್ಪದ, ತಲೆ ಇಲ್ಲದ ಗ್ರಬ್ ಸ್ಕ್ರೂ ಸರಿಯಾಗಿ ಕೂರುತ್ತೆ. ಉಳಿದ ಒಂದು ಪಿನ್ ಬಿಚ್ಚಿ ಹಾರ್ಡ್‌ವೇರ್ ಅಂಗಡಿಗೆ ಒಯ್ದು ತೋರಿಸಿದರೆ ಅಳತೆ ನೋಡಿ ಕೊಡುತ್ತಾರೆ. ನಾನು ಹನ್ನೆರಡು ತಂದೆ, ಮೂವತ್ತಾರು ರೂಪಾಯಿ ಆಯಿತು.